ಎಡಗಾಲಿನ ಮುಳ್ಳು

ಉತ್ತರಕ್ಕೆ ಹೊರಟವರು ನಾವು ಮೊದಲು ದಕ್ಷಿಣಕ್ಕೆ ಹೋದೆವು. ಗಡಹಿಂಗ್ಲಜದ ಆಚೆಯ ಹಳ್ಳಿಯಲ್ಲಿ, ದೊಡ್ಡ ಮೈದುನನ ಮನೆಯಲ್ಲಿ ಅತ್ತೆ ಇದ್ದರು. ಅವರ ಕಾಲು ಮುಟ್ಟದೆ ದೂರದ ದಾರಿ ಹಿಡಿಯುವುದು ಇವರಿಗೆ ಆಗದ ಮಾತು. ಅತ್ತೆ ಅಂಗಳದ ಬಿಸಿಲಲ್ಲಿ ಕಾಲು ಚಾಚಿ ಕೂತಿದ್ದರು. ಟೆಂಪೋದ ಹಿಂದಿನ ಬಾಗಿಲು ತೆಗೆಸಿ, ಒಳಗೆ ಹಾಸಿದ್ದ ಗಾದಿ, ಸ್ಟೋವು, ನೀರಿನ ಕ್ಯಾನು ಎಲ್ಲವನ್ನೂ ನೋಡಿದರು.

"ಎಲ್ಲಿಗೆ ಹೊಂಟೀರಿ?"

"ಕಚ್ಛಕ್ಕ, ಅವ್ವಾ. ಗುಜರಾತದ ಆ ತುದಿಗೆ," ಅಂದರು ಇವರು.

"ಅಲ್ಲೇನೈತಿ?"

"ಉಪ್ಪು. ಕಣ್ಣು ಹಾಯೂ ಮಟ ಬರೇ ಉಪ್ಪು."

"ಉಪ್ಪು ಇಲ್ಲೇ ಅಂಗಡ್ಯಾಗ ಸಿಗತೈತಲ್ಲೋ," ಅಂದರು ಅತ್ತೆ. ಅಂದವರೇ ಒಳಗೆ ಹೋಗಿ ಕಡಕ್ ರೊಟ್ಟಿಯ ದೊಡ್ಡ ಗಂಟು ತಂದು ನನ್ನ ಕೈಗಿತ್ತರು.

ನಾವು ಕೊಲ್ಹಾಪುರದ ಹತ್ತಿರದ ಇಚಲಕರಂಜಿಯವರು. ಮನೆಯ ಹಿಂದಿನ ಶೆಡ್ಡಿನಲ್ಲಿ ನಮ್ಮವು ಕೆಲವು ಪವರ್‌ಲೂಮ್ ಮಗ್ಗಗಳಿವೆ. ಆ ಚಳಿಗಾಲ ನೂಲಿನ ದರ ಏರಿ, ಬಟ್ಟೆಗೆ ಗಿರಾಕಿ ಇಲ್ಲದೆ, ಓಣಿಯ ಬಹಳ ಮಂದಿಯ ಹಾಗೆ ನಾವೂ ಮಗ್ಗ ನಿಲ್ಲಿಸಿದ್ದೆವು. ನಮ್ಮಿಂದ ಬಟ್ಟೆ ಕೊಳ್ಳುತ್ತಿದ್ದ ಗುಜರಾತಿ ವ್ಯಾಪಾರಿಯೊಬ್ಬರು ಹಿಂದೊಮ್ಮೆ ಚಹಾ ಕುಡಿಯುತ್ತಾ, ತಮ್ಮ ಕಡೆಯ ಉಪ್ಪಿನ ಬಯಲನ್ನು ಹೊಗಳಿ, ನಿಮ್ಮ ಬಟ್ಟೆಯ ಸುರುಳಿಗಳನ್ನೆಲ್ಲ ಬಿಚ್ಚಿ ಭೂಮಿಗೆ ಹಾಸಿದ ಹಾಗಿರುತ್ತದೆ ಎಂದಿದ್ದರು. ಆ ಮಾತು ಇವರ ತಲೆಯಲ್ಲಿ ಉಳಿದಿತ್ತು. ಮಗ್ಗ ನಿಂತ ಮೇಲೆ ಒಂದು ಮುಂಜಾನೆ, "ಹೋಗಿ ಬರೂಣೇನು?" ಅಂದರು. ಎಲ್ಲಿಗೆ ಎಂದು ಕೇಳುವ ಮೊದಲೇ ನಾನು ಹೂಂ ಅಂದಿದ್ದೆ. ಮಗ್ಗದ ಸದ್ದಿಲ್ಲದ ಆ ಮನೆಯಲ್ಲಿ ನಾವಿಬ್ಬರೂ ಪರರ ಮನೆಗೆ ಬಂದವರ ಹಾಗೆ ಕೂತಿರುತ್ತಿದ್ದೆವು.

ಬಟ್ಟೆ ಸಾಗಿಸುತ್ತಿದ್ದ ಮುಚ್ಚಿದ ಟೆಂಪೋವನ್ನೇ ಕೊಲ್ಹಾಪುರಕ್ಕೆ ಒಯ್ದು, ಹಿಂದೆ ಗಾಳಿಗೆ ಕಿಟಕಿ ಕೊರೆಸಿ, ಮಲಗಲು ಹಲಗೆ ಕೂರಿಸಿಕೊಂಡು ಬಂದರು. ಅದಕ್ಕೆ ಖರ್ಚಾದದ್ದನ್ನು ಕೇಳಿ ಮೈದುನ, ಇಷ್ಟರಲ್ಲಿ ರೈಲಿನಲ್ಲಿ ಕಾಶಿಗೇ ಹೋಗಿ ಬರಬಹುದಿತ್ತು ಎಂದ. ನಿಜವೇ. ದಾರಿಯ ಖರ್ಚು ಮನೆಯಲ್ಲಿ ಕೂತು ಅಂದಾಜು ಮಾಡಿದ ಖರ್ಚಿನಂತಿರುವುದಿಲ್ಲ ಎನ್ನುವುದು ಪುಣೆ ದಾಟುವುದರೊಳಗೆ ತಿಳಿಯಿತು. ಟೋಲ್ ನಾಕೆಗಳು ಒಂದಾದ ಮೇಲೊಂದು ಬರುತ್ತಲೇ ಇದ್ದವು. ಘಟ್ಟದಲ್ಲಿ ಮುಂದಿನ ಲಾರಿಯ ಗಾಲಿಯಿಂದ ಒಂದು ಹರಳು ಹಾರಿಬಂದು ಮುಂದಿನ ಗಾಜಿಗೆ ಬಡಿಯಿತು. ಜೇಡನ ಬಲೆಯಂಥ ಸೀಳು ಮೂಡಿ, ಅದು ದಿನಕ್ಕಿಷ್ಟು ಬೆಳೆಯುತ್ತಾ ಹೋಯಿತು. ಗುಜರಾತಿನ ಒಂದು ಪಂಪಿನಲ್ಲಿ, ಇವರು ಮುಖ ತೊಳೆಯಲು ಹೋಗಿದ್ದಾಗ, ಪಂಪಿನವರು ಡಿಸೇಲ್ ಗಾಡಿಗೆ ಪೆಟ್ರೋಲ್ ತುಂಬಿಬಿಟ್ಟರು. ನಾನು ಪಕ್ಕದಲ್ಲೇ ಕೂತು ಬಾಳೆಹಣ್ಣು ತಿನ್ನುತ್ತಿದ್ದೆ. ಟ್ಯಾಂಕು ಖಾಲಿ ಮಾಡಿಸಿ ತೊಳೆಸುವಷ್ಟರಲ್ಲಿ ಒಂದಿಡೀ ದಿನವೂ, ಹೋಟೆಲಿನಲ್ಲಿ ಎರಡು ಸಲ ಉಣ್ಣಲೆಂದು ತೆಗೆದಿಟ್ಟಿದ್ದ ರೊಕ್ಕವೂ ಹೋಯಿತು. ಆ ದಿನ ಅತ್ತೆಯ ರೊಟ್ಟಿಯನ್ನೇ ಶೇಂಗಾ ಚಟ್ನಿಯೊಂದಿಗೆ ಮುರಿದು ತಿಂದೆವು.

ಅದಕ್ಕೂ ಮೊದಲು, ರಾಜ್ಯದ ಗಡಿಯಲ್ಲೊಬ್ಬ ಪೊಲೀಸಪ್ಪ ಹಿಂದಿನ ಬಾಗಿಲು ತೆಗೆಸಿ, ಮಾಲು ಎಲ್ಲಿ ಎಂದು ಹಿಂದಿಯಲ್ಲಿ ಕೇಳಿದ. ಇವರು ನನ್ನ ಕಡೆ ಕೈ ಮಾಡಿದರು. ಅವನು ನಕ್ಕು ದಾರಿ ಬಿಟ್ಟ. ನಾನು ಸಿಟ್ಟು ಬಂದವಳಂತೆ ಮುಖ ತಿರುಗಿಸಿದೆ, ಆದರೆ ಮುಂದಿನ ಊರಿನವರೆಗೂ ಒಳಗೊಳಗೇ ನಗು ಬರುತ್ತಿತ್ತು.

ಕಚ್ಛ ಮುಟ್ಟಿದಾಗ ಮೊದಲು ಕಂಡದ್ದು ಉಪ್ಪಲ್ಲ, ಬೆಳಕು. ಮರ ಕಡಿಮೆಯಾಗಿ, ಮನೆ ಕಡಿಮೆಯಾಗಿ, ಕೊನೆಗೆ ನೆಲ ಮತ್ತು ಆಕಾಶ ಎರಡೇ ಉಳಿದವು. ಅವೂ ಎಲ್ಲಿ ಕೂಡುತ್ತವೆ ಎನ್ನುವುದು ಗೊತ್ತಾಗುತ್ತಿರಲಿಲ್ಲ. ಬಿಳಿಯ ಬಯಲಿನಲ್ಲಿ ಇಳಿದು ನಡೆದೆವು. ಕಾಲ ಕೆಳಗೆ ಉಪ್ಪು ಹುರಿದ ಹಪ್ಪಳದ ಹಾಗೆ ಮುರಿಯುತ್ತಿತ್ತು. ದೂರದಲ್ಲಿ ನೀರು ಕಾಣುತ್ತಿತ್ತು, ಹತ್ತಿರ ಹೋದರೆ ಇರುತ್ತಿರಲಿಲ್ಲ. ಇವರು ಸುಮ್ಮನೆ ನಿಂತರು. ನಾನೂ ನಿಂತೆ. ನನ್ನ ಬಳೆಯ ಸದ್ದೇ ಅಲ್ಲಿ ದೊಡ್ಡದಾಗಿ ಕೇಳುತ್ತಿತ್ತು.

ಮರುದಿನ ಮಧ್ಯಾಹ್ನ, ಬಯಲಿನಿಂದ ಸ್ವಲ್ಪ ಈಚೆಗೆ, ಹುಲ್ಲುಗಾವಲಿನ ಅಂಚಿನ ಜಾಲಿಯ ನೆರಳಿಗೆ ಟೆಂಪೋ ನಿಲ್ಲಿಸಿ ಉಂಡು ಮಲಗಿದೆವು. ನಾನು ಹಿಂದೆ ಗಾದಿಯ ಮೇಲೆ, ಇವರು ಮುಂದಿನ ಸೀಟಿನಲ್ಲಿ. ಎಚ್ಚರವಾದಾಗ ಟೆಂಪೋ ತೇಲುತ್ತಿತ್ತು. ಕನಸೆಂದೇ ತಿಳಿದೆ. ಬಾಗಿಲಿನಿಂದ ಇಣುಕಿದರೆ ಎರಡೂ ಪಕ್ಕದಲ್ಲಿ ಕುರಿಗಳು, ನೂರಾರು ಕುರಿಗಳು, ಹೊಳೆಯ ನಡುವಿನ ಬಂಡೆಯನ್ನು ಬಳಸಿ ನೀರು ಹರಿಯುವಂತೆ ನಮ್ಮನ್ನು ಬಳಸಿಕೊಂಡು ಹರಿಯುತ್ತಿದ್ದವು. ಬಿಳಿ ಮೈ, ಕಪ್ಪು ಮುಖ. ಕೊರಳ ಗಂಟೆಗಳ ಸದ್ದು ಬಿಸಿಲಿನಲ್ಲಿ ಕರಗಿದಂತಿತ್ತು. ನಾನು ಮತ್ತೆ ಕಣ್ಣು ಮುಚ್ಚಿದೆ. ಕಣ್ಣು ತೆರೆದಾಗ ಕುರಿಗಳಿರಲಿಲ್ಲ, ಮುಂದಿನ ಸೀಟಿನಲ್ಲಿ ಇವರೂ ಇರಲಿಲ್ಲ. ಮೆಟ್ಟಿಲ ಮೇಲೆ ಇವರ ಚಪ್ಪಲಿ ಇತ್ತು, ಸ್ಟಿಯರಿಂಗಿನ ಪಕ್ಕದಲ್ಲಿ ಮೊಬೈಲು ಇತ್ತು.

ಕೂಗಿದೆ. ಟೆಂಪೋದ ಹಾರ್ನ್ ಒತ್ತಿದೆ. ದೂರದಲ್ಲಿ ಧೂಳಿನ ಒಂದು ಎಳೆ ಸರಿಯುತ್ತಿತ್ತು, ಅದೂ ತುಸು ಹೊತ್ತಿಗೆ ಇಲ್ಲವಾಯಿತು. ಗಾಡಿ ಬಿಟ್ಟು ಹೋಗುವ ಧೈರ್ಯವಾಗಲಿಲ್ಲ. ನೆರಳು ಸರಿದಂತೆ ನಾನೂ ಸರಿದು ಕೂತೆ. ಬಿಸಿಲ ಕುದುರೆ ಏರಿ ದೂರದ ಜಾಲಿ ಗಿಡಗಳೆಲ್ಲ ನೆಲ ಬಿಟ್ಟು ಎದ್ದು ನಿಂತಿದ್ದವು. ಆ ಗಿಡಗಳ ನಡುವೆ ಎಷ್ಟೋ ಸಲ ಇವರು ಬರುತ್ತಿರುವುದು ಕಂಡಿತು, ಎಷ್ಟೋ ಸಲ ಇವರು ಗಿಡವೇ ಆದರು. ಅಳು ಬರಲಿಲ್ಲ. ನಿದ್ದೆ ಮತ್ತು ಎಚ್ಚರದ ನಡುವೆ ಎಲ್ಲೋ ಸಿಕ್ಕಿಕೊಂಡಂತೆ ಇದ್ದೆ.

ಬಿಸಿಲು ಕೆಂಪಾಗುವ ಹೊತ್ತಿಗೆ ನಿಜವಾಗಿ ಬಂದರು. ಜೊತೆಗೆ ಬಿಳಿ ಮುಂಡಾಸಿನ ಒಬ್ಬ ಮುದುಕ ಕುರಿಗಾರ. ಇವರು ಅವನ ಕೋಲನ್ನು ಊರಿಕೊಂಡು ಎಡಗಾಲು ಎತ್ತಿ ಎತ್ತಿ ನಡೆಯುತ್ತಿದ್ದರು. ಮುಖದಲ್ಲಿ ಮಾತ್ರ ನಾನೆಂದೂ ನೋಡದ ಬೆಳಕಿತ್ತು.

"ಎಲ್ಲಿ ಹೋಗಿದ್ರಿ? ನಾ ಇಲ್ಲಿ ಸತ್ತೇನೋ ಇದ್ದೇನೋ ಅನ್ನೂ ಖಬರ ಐತೇನು ನಿಮಗ?"

"ಕುರಿ ರಸ್ತೆ ಕಡೆ ತಿರುಗಿದ್ವು. ಲಾರಿ ಬರಾಕತ್ತಿತ್ತು. ಎದ್ದವನ ಒಂದು ಕೂಗು ಹಾಕಿದ್ನಿ ನೋಡು, ನಮ್ಮಪ್ಪ ಹಾಕತಿದ್ದ ಕೂಗು. ಎಲ್ಲಾ ನಿಂತು ತಿರುಗಿದ್ವು." ಇವರು ಉಸಿರು ತೆಗೆದುಕೊಂಡರು. "ನಮ್ಮ ಕುರಿ ಅಲ್ಲ, ನಮ್ಮ ಸೀಮಿ ಅಲ್ಲ. ಆದ್ರೂ ಕೇಳಿದ್ವು. ಆಮ್ಯಾಲ ಕಾಲು ಹಂಗ ನಡದ ಬಿಟ್ವು."

"ಚಪ್ಪಲಿ?"

"ಲಕ್ಷ್ಯ ಇರಲಿಲ್ಲ."

ಮುದುಕ ಇವರ ಬೆನ್ನು ತಟ್ಟಿ, ನನಗೆ ಕೈ ಮುಗಿದು, ತನ್ನ ಭಾಷೆಯಲ್ಲಿ ಏನೋ ಹೇಳಿ ಹೋದ. ಕೋಲನ್ನು ಇವರ ಬಳಿಯೇ ಬಿಟ್ಟ.

ಮುಸ್ಸಂಜೆ ಸ್ಟೋವಿನ ಮುಂದೆ ಕೂತು ಇವರು ಮಾತಾಡಿದರು. ಮದುವೆಯಾಗಿ ಇಪ್ಪತ್ತು ವರ್ಷ ಮೀರಿದ್ದರೂ ಇವರ ಚಿಕ್ಕಂದಿನ ಮಾತನ್ನು ನಾನು ಹೀಗೆ ಕೇಳಿದ್ದಿಲ್ಲ. ಮಗ್ಗದ ಸದ್ದಿನಲ್ಲಿ ಕೂಗಿ ಹೇಳಬಹುದಾದ ಮಾತನ್ನಷ್ಟೇ ನಾವು ಆಡುತ್ತಿದ್ದೆವು. ಮಾವನವರ ಹಿಂಡು ಸುಗ್ಗಿ ಮುಗಿದ ಹೊಲಗಳನ್ನು ಹುಡುಕಿಕೊಂಡು ಕೃಷ್ಣೆಯ ಕಡೆ ಇಳಿಯುತ್ತಿತ್ತಂತೆ. ಹೊಲದಲ್ಲಿ ಕುರಿ ನಿಲ್ಲಿಸಿದರೆ ಗೊಬ್ಬರಕ್ಕಾಗಿ ರೈತರು ಕಾಳು ಕೊಡುತ್ತಿದ್ದರಂತೆ. ಶಿರೋಳ, ದಾನೋಳಿ, ದತ್ತವಾಡ ಎಂದು ಇವರು ಹೆಸರು ಹೇಳುತ್ತಾ ಹೋದರು. ದತ್ತವಾಡ ನನ್ನ ತವರು. ನಮ್ಮವರೂ ಅದೇ ಕುರಿ ಕಾಯುವ ಜನ, ಆದರೆ ಅಜ್ಜನ ಕಾಲಕ್ಕೇ ಕುರಿ ಮಾರಿ ಕಬ್ಬು ಹಚ್ಚಿದವರು. ನಮ್ಮ ಹೊಲದಲ್ಲೂ ಪ್ರತಿ ವರ್ಷ ಕುರಿ ಕೂಡಿಸುತ್ತಿದ್ದರು. ಕುರಿಯವರ ಗುಡಾರಕ್ಕೆ ಮಜ್ಜಿಗೆ ಒಯ್ಯುವುದು ನನ್ನ ಕೆಲಸವಾಗಿತ್ತು.

"ಹಂಗಾರ ನಿಮಗ ನಾ ಮಜ್ಜಗಿ ಕೊಟ್ಟಿರಬಹುದು," ಅಂದೆ.

"ಕೊಟ್ಟಿರಬಹುದು. ಮಜ್ಜಗಿ ಭಾಳ ಮಂದಿ ಕೊಡತಿದ್ರು."

ಅಷ್ಟೇ ಅಂದರು. ನಾನು ನೆನಪಿನಲ್ಲಿ ಆ ಗುಡಾರಗಳನ್ನೆಲ್ಲ ಒಂದೊಂದಾಗಿ ಎತ್ತಿ ನೋಡಿದೆ, ಯಾವುದರಲ್ಲೂ ಮುಖ ಕಾಣಲಿಲ್ಲ.

ಇವರ ಕಾಲಿಗೆ ಚುಚ್ಚಿದ್ದ ಜಾಲಿಯ ಮುಳ್ಳನ್ನು ರಾತ್ರಿಯೇ ಪಿನ್ನಿನಿಂದ ತೆಗೆದಿದ್ದೆ. ತೆಗೆದೆನೆಂದು ತಿಳಿದಿದ್ದೆ. ಬೆಳಗಾಗುವುದರಲ್ಲಿ ಅಂಗಾಲು ಊದಿ, ಕೆಂಪು ಗೆರೆ ಹಿಮ್ಮಡಿ ದಾಟಿ ಮೇಲೆ ಏರಿತ್ತು. ದಾರಿಯಲ್ಲಿ ಬಂದ ಹಾಲಿನ ಗಾಡಿಯವರು ನಮ್ಮನ್ನು ಹತ್ತಿರದ ಊರಿಗೆ ಮುಟ್ಟಿಸಿದರು. ಡಾಕ್ಟರು ಕೊಯ್ದು, ಒಳಗೆ ಮುರಿದುಳಿದ ಮುಳ್ಳಿನ ತುದಿ ತೆಗೆದು, ಪಟ್ಟಿ ಕಟ್ಟಿದರು. ಈ ಕಾಲನ್ನು ನೆಲಕ್ಕೂ ಊರಬೇಡಿ, ಗಾಡಿಯ ಮಾತಂತೂ ಬೇಡವೇ ಬೇಡ ಎಂದರು. ಎಡಗಾಲು. ಕ್ಲಚ್ ಒತ್ತುವ ಕಾಲು.

ಆ ಊರಿನಲ್ಲಿ ಒಂದು ಕೋಣೆ ಹಿಡಿದು ಯೋಚಿಸಿದೆವು. ಇಚಲಕರಂಜಿಯವರೆಗೆ ಬರುವ ಡ್ರೈವರನೊಬ್ಬ ಸಿಕ್ಕ. ಅವನು ಕೇಳಿದ ರೊಕ್ಕ ಕೇಳಿ ಇವರು ಮಂಚದ ಮೇಲೆ ಹೊರಳಿ ಗೋಡೆಗೆ ಮುಖ ಮಾಡಿದರು. "ಅಷ್ಟರಾಗ ಒಂದು ಹಳೇ ಮಗ್ಗ ಬರತೈತಿ," ಅಂದರು ಗೋಡೆಗೆ. ಕೈಯಲ್ಲಿ ಉಳಿದದ್ದು ಡಿಸೇಲಿಗೂ ಟೋಲಿಗೂ ಸಾಕಾಗುವಷ್ಟಿತ್ತು. ಗಾಡಿ ಅಲ್ಲೇ ಬಿಟ್ಟು ರೈಲಿಗೆ ಹೋಗುವುದೆಂದರೆ, ಮತ್ತೆ ಬಂದು ಒಯ್ಯುವ ಖರ್ಚು ಬೇರೆ.

"ನನ್ನ ಹಂತ್ಯಾಕ ಲೈಸನ್ಸ್ ಐತ್ರಿ," ಅಂದೆ.

ಹಿಂದಿನ ವರ್ಷ ನಾದಿನಿ ಕಾರು ಕಲಿಯಲು ಕೊಲ್ಹಾಪುರಕ್ಕೆ ಹೋಗುವಾಗ ಒಬ್ಬಳೇ ಬೇಜಾರೆಂದು ನನ್ನನ್ನೂ ಸೇರಿಸಿದ್ದಳು. ಪರೀಕ್ಷೆ ಪಾಸಾಗಿ ಲೈಸನ್ಸ್ ಬಂದ ಮೇಲೆ ನಾನು ಸ್ಟಿಯರಿಂಗ್ ಮುಟ್ಟಿರಲಿಲ್ಲ. ಇವರು ಗೋಡೆಯಿಂದ ಈ ಕಡೆ ತಿರುಗಿದರು.

"ಆ ಬಯಲಾಗ ಹೋಗೂಣು," ಅಂದರು. "ಅಲ್ಲಿ ಬಡಿಯಾಕ ಏನೂ ಇಲ್ಲ."

ನಮ್ಮನ್ನು ಕರೆತಂದ ಹಾಲಿನ ಗಾಡಿಯವರೇ ಮರುದಿನ ಮುಂಜಾನೆ ಮತ್ತೆ ಟೆಂಪೋದ ಹತ್ತಿರ ಬಿಟ್ಟರು. ಹುಲ್ಲುಗಾವಲಿನ ಪಕ್ಕದ ಗಟ್ಟಿ ನೆಲದಲ್ಲಿ ನಾನು ಡ್ರೈವರ್ ಸೀಟಿಗೆ ಏರಿದೆ. ಇವರು ಪಟ್ಟಿ ಕಟ್ಟಿದ ಕಾಲನ್ನು ದಿಂಬಿನ ಮೇಲೆ ಚಾಚಿ ಪಕ್ಕದಲ್ಲಿ ಕೂತರು.

"ಕ್ಲಚ್ ಸಾವಕಾಶ ಬಿಡು. ಸಾವಕಾಶ ಅಂದ್ನಿ!"

ಟೆಂಪೋ ಹೋತದ ಹಾಗೆ ಜಿಗಿದು ನಿಂತಿತು. ಇವರ ಕಾಲು ದಿಂಬಿನಿಂದ ಜಾರಿ ಕೆಳಗೆ ಬಡಿಯಿತು. ನೋವಿಗೆ ಕಣ್ಣಲ್ಲಿ ನೀರು ಬಂದರೂ ಬೈಯಲಿಲ್ಲ. ಮತ್ತೆ ಜಿಗಿಯಿತು, ಮತ್ತೆ ನಿಂತಿತು. ಅದೆಷ್ಟನೆಯದೋ ಸಲಕ್ಕೆ, ಯಾವುದೋ ಒಂದು ಗಳಿಗೆಯಲ್ಲಿ, ಕಾಲ ಕೆಳಗೆ ಎಂಜಿನ್ನು ತನ್ನಷ್ಟಕ್ಕೆ ಉಸಿರಾಡುವುದು ತಿಳಿಯಿತು. ಗಾಡಿ ಜಿಗಿಯದೆ ಹೊರಟಿತು. ಎದುರಿಗೆ ರಸ್ತೆ ಇರಲಿಲ್ಲ, ಬೇಲಿ ಇರಲಿಲ್ಲ, ಮನುಷ್ಯರಿರಲಿಲ್ಲ. ಒಡೆದ ಗಾಜಿನ ಬಲೆಯಲ್ಲಿ ಸೂರ್ಯ ನೂರು ತುಂಡಾಗಿ ಹೊಳೆಯುತ್ತಿದ್ದ. ಎಡಕ್ಕೆ ತಿರುಗಿಸಿದರೆ ಇಡೀ ಭೂಮಿ ಬಲಕ್ಕೆ ತಿರುಗುತ್ತಿತ್ತು. ನಾನು ದೊಡ್ಡ ದೊಡ್ಡ ಸುತ್ತು ಹಾಕಿದೆ, ಸುಮ್ಮನೆ, ಬೇಕಾದ್ದಕ್ಕಿಂತ ಜಾಸ್ತಿಯೇ ಹಾಕಿದೆ. ಇವರು ಡಿಸೇಲಿನ ಮುಳ್ಳನ್ನು ನೋಡಿದರು, ನನ್ನನ್ನು ನೋಡಿದರು.

ಮನೆಯ ದಾರಿ ನಿಧಾನವಾಯಿತು. ಕತ್ತಲಾಗುವ ಮೊದಲೇ ಎಲ್ಲಾದರೂ ನಿಲ್ಲಿಸುತ್ತಿದ್ದೆ. ಒಂದು ಧಾಬಾದ ಗೇಟಿಗೆ ಟೆಂಪೋದ ಬಗಲು ತಿಕ್ಕಿ ಬಣ್ಣ ಹೋಯಿತು, ಗೇಟಿನ ರಿಪೇರಿಗೂ ದುಡ್ಡು ತೆತ್ತೆವು. ಟೋಲ್ ನಾಕೆಯಲ್ಲಿ ಎಂಜಿನ್ನು ನಿಂತು ಹಿಂದೆ ಲಾರಿಗಳ ಸಾಲು ಹಾರ್ನ್ ಹೊಡೆಯಿತು. ಹಿಂದಿನ ಲಾರಿಯವನು ಇಳಿದು ಬಂದ. ಬೈಯುತ್ತಾನೆಂದು ಹೆದರಿದೆ. ಮಹಾರಾಷ್ಟ್ರದ ನಂಬರು ನೋಡಿದ್ದನೋ ಏನೋ, ಕಿಟಕಿಗೆ ಬಾಗಿ ಮರಾಠಿಯಲ್ಲಿ, "ಸಾವಕಾಶ್ ಜಾ ತಾಈ, ಘಾಈ ನಾಹೀ," ಅಂದು ಹೋದ. ಅವಸರವಿಲ್ಲ ಎಂದು ಯಾರಾದರೂ ಹೇಳಿ ಎಷ್ಟು ಕಾಲವಾಗಿತ್ತೋ. ಆಮೇಲೆ ಗಾಡಿ ಮೊದಲ ಸಲಕ್ಕೇ ಚಾಲೂ ಆಯಿತು.

ಇವರು ಮೊದಮೊದಲು ಪ್ರತಿ ತಿರುವಿನಲ್ಲೂ ಗಾಳಿಯಲ್ಲಿ ಬ್ರೇಕ್ ಒತ್ತುತ್ತಿದ್ದರು. ಸಾತಾರ ದಾಟಿದ ಮೇಲೆ ಕಾಲು ಸುಮ್ಮನಾಯಿತು. ಕರಾಡ ಬರುವಾಗ ತಲೆ ಕಿಟಕಿಗೆ ಒರಗಿತು. ಮದುವೆಯಾದಂದಿನಿಂದ ನಾನು ಗಾಡಿಯಲ್ಲಿ ನಿದ್ದೆ ಮಾಡಿದವಳು, ಇವರು ಎಚ್ಚರ ಇದ್ದವರು. ಆ ಮುಖ ನಿದ್ದೆಯಲ್ಲಿ ಗಾಡಿಯ ಓಟಕ್ಕೆ ಮೆಲ್ಲಗೆ ತೂಗುವುದನ್ನು ಆಗಲೇ ನೋಡಿದ್ದು.

ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ಹೋಗುತ್ತಿದ್ದವು, ದಾರಿಯ ತುಂಬ ಸಿಹಿ ವಾಸನೆ. ಶಿರೋಲಿಯಲ್ಲಿ ಇಚಲಕರಂಜಿಗೆ ಎಡಕ್ಕೆ ತಿರುಗಬೇಕು. ತಿರುವು ಬಂತು. ನಾನು ಕೈ ತಿರುಗಿಸಲಿಲ್ಲ. ಯಾಕೆಂದು ಇವತ್ತಿಗೂ ಹೇಳಲಾರೆ. ಪಂಚಗಂಗೆಯ ಸೇತುವೆ ದಾಟಿದೆ, ಕೊಲ್ಹಾಪುರ ಬಲಕ್ಕೆ ಉಳಿಯಿತು, ಕಾಗಲವೂ ಹಿಂದೆ ಸರಿಯಿತು. ಇಳಿ ಬಿಸಿಲಿನಲ್ಲಿ ರಸ್ತೆ ನೆನೆದ ಹಾಗೆ ಹೊಳೆಯುತ್ತಿತ್ತು. ನಿಪ್ಪಾಣಿಯ ಹತ್ತಿರ ಇವರು ಕಣ್ಣು ಬಿಟ್ಟರು. ಬೋರ್ಡು ಕನ್ನಡದಲ್ಲಿತ್ತು.

"ಇಚಲಕರಂಜಿ ಹಿಂದ ಉಳೀತಲ್ಲ?"

"ಉಳೀತ್ರಿ."

"ತಿರುವು ಗೊತ್ತಾಗಲಿಲ್ಲೇನು?"

"ಗೊತ್ತಾತು."

ಇವರು ಡಿಸೇಲಿನ ಮುಳ್ಳಿನ ಕಡೆ ಬಾಗಿ ನೋಡಿದರು. ಆಮೇಲೆ ಸೀಟಿಗೆ ಒರಗಿ, ಕಿಟಕಿಯ ಗಾಜನ್ನು ಪೂರ್ತಿ ಇಳಿಸಿದರು.

"ಚಹಾ ಎಲ್ಲರ ಚಲೋ ಕಂಡ್ರ ನಿಲ್ಲಸು," ಅಂದರು.