ಟೆಂಡರ್ ತುಂಬಿದ ಮೇಲೆ ಬೆಲ್ಲ

ಮೊನ್ನೆ ಹಳೆಯ ಉಗಿ ಎಂಜಿನ್ ಒಂದಕ್ಕೆ ಬಣ್ಣ ಬಳಿದು ನೋಡುವವರಿಗಾಗಿ ನಿಲ್ಲಿಸಿದ್ದರು. ಎಲ್ಲರೂ ಎಂಜಿನ್ನಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ನಾನು ಮಾತ್ರ ಅದರ ಹಿಂದಿನ ಕಲ್ಲಿದ್ದಲ ಗಾಡಿಯ ಹತ್ತಿರ ಹೋದೆ. ಅದರ ಹೆಸರು ಟೆಂಡರ್.

ನಾನು ಚಿಕ್ಕವಳಿದ್ದಾಗ ಹಾಸನದ ಸ್ಟೇಷನ್ನಿನಲ್ಲಿ ನಮ್ಮವ್ವ ತಲೆಯ ಮೇಲೆ ಬುಟ್ಟಿ ಹೊತ್ತು ಟೆಂಡರಿಗೆ ಕಲ್ಲಿದ್ದಲು ತುಂಬುತ್ತಿದ್ದಳು. ಕೆಲಸ ಮುಗಿದ ಮೇಲೆ ಮೇಸ್ತ್ರಿ ಹೆಂಗಸರಿಗೆಲ್ಲ ಒಂದೊಂದು ಹೋಳು ಬೆಲ್ಲ ಕೊಡುತ್ತಿದ್ದ. ಗಂಟಲಿಗೆ ಹೋದ ಧೂಳನ್ನು ಬೆಲ್ಲ ಇಳಿಸುತ್ತದೆ ಎಂಬ ನಂಬಿಕೆ. "ಇದ್ಲು ಧೂಳು, ಬೆಲ್ಲದ ಓಳು" ಎಂದು ಅವರೇ ಪ್ರಾಸ ಕಟ್ಟಿಕೊಂಡು ನಗುತ್ತಿದ್ದರು.

ಒಂದು ದಿನ ನನ್ನೆದುರಿಗೇ ಅವ್ವ ಮುದಿ ಡ್ರೈವರನ್ನು ಕೇಳಿದಳು: "ಈ ಗಾಡಿಗೆ ಟೆಂಡ್ರು ಅಂತ ಯಾಕಂತಾರೆ ಸಾ?"

"ಇಂಗ್ಲಿಷ್ನಾಗೆ ನೋಡ್ಕೊಳ್ಳೋರು ಅಂತ ಕಣಮ್ಮ. ಎಂಜಿನ್ ಹಿಂದ್ಹಿಂದೇನೇ ಓಗಿ, ಅದಕ್ಕೆ ನೀರು, ಇದ್ಲು ಕೊಟ್ಟು ನೋಡ್ಕೊತದಲ್ಲ, ಅದಕ್ಕೆ."

"ಅಂಗಾರೆ ಎಂಜಿನ್ನಿನ ಅವ್ವ ಅನ್ನಿ!" ಎಂದು ಅವ್ವ ಕೆಮ್ಮುತ್ತಲೇ ನಕ್ಕಳು.

ಅವಳ ಪಾಲಿನ ಬೆಲ್ಲ ಮಾತ್ರ ಸೆರಗಿನ ಗಂಟಿನಲ್ಲಿ ಮನೆಗೆ ಬರುತ್ತಿತ್ತು. "ನಿಂಗೆ ಬ್ಯಾಡ್ವೇನವ್ವಾ?" ಅಂದರೆ, "ನನ್ ಗಂಟ್ಲಿಗೆ ಧೂಳು ಒಗ್ಗೋಗದೆ, ನೀನ್ ತಿನ್ನು ಮಗಾ" ಅನ್ನುವಳು. ಇದ್ದಿಲ ವಾಸನೆಯ ಆ ಬೆಲ್ಲವನ್ನು ನಾನು ಕರಗುವತನಕ ಚೀಪುತ್ತಿದ್ದೆ. ಕೆಮ್ಮು ಅವಳನ್ನು ಬಿಡಲೇ ಇಲ್ಲ. ನಾನು ಹೈಸ್ಕೂಲು ಸೇರುವುದನ್ನು ನೋಡಲು ಅವಳಿರಲಿಲ್ಲ.

ಮೊನ್ನೆ ಆ ಖಾಲಿ ಟೆಂಡರಿನ ಅಂಚಿನಲ್ಲಿ ಒಂದು ಚೂರು ಬೆಲ್ಲ ಇಟ್ಟೆ. ಕಾವಲುಗಾರ ಗದರಿದ: "ಇರ್ವೆ ಬತ್ತವೆ ಕಣಮ್ಮೋ!"

"ಬರಲಿ ಬಿಡಪ್ಪ" ಅಂದೆ. "ತಿನ್ನಬೇಕಾದವಳಂತೂ ತಿನ್ನಲಿಲ್ಲ."