ಮೂಲೆ ಮಂಚದ ಗಂಟೆ

ದೆವ್ವ, ಗಾಳಿ ಎಂದು ಯಾರಾದರೂ ಹೇಳಿದರೆ ‘ಮೊದಲು ಬಿ.ಪಿ. ನೋಡಿಸ್ಕೊ’ ಎನ್ನುತ್ತಿದ್ದ ನರ್ಸ್ ನಾನು. ಇದನ್ನೋದಿ ನಿಮಗೂ ನಗು ಬಂದರೆ ನಕ್ಕುಬಿಡಿ, ಬೇಸರವಿಲ್ಲ. ಕೆಲವು ವರ್ಷಗಳ ಹಿಂದೆ ನಡೆದದ್ದನ್ನು ನಡೆದಂತೆಯೇ ಹೇಳುತ್ತೇನೆ.

ಆಗ ಮಳವಳ್ಳಿಯ ಸಣ್ಣದೊಂದು ಖಾಸಗಿ ಆಸ್ಪತ್ರೆಯಲ್ಲಿದ್ದೆ. ಹೆಂಗಸರ ವಾರ್ಡಿನಲ್ಲಿ ಆರು ಮಂಚ. ಕೇರಿಯಿಂದ ಬಂದವರಿಗೆ ಕಕ್ಕಸಿನ ಪಕ್ಕದ ಆರನೆಯದು. ಹಾಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ, ನಾವೇ ಮಾಡುತ್ತಿದ್ದೆವು. ‘ಸುಮ್‌ಸುಮ್ನೆ ಒತ್ತುತ್ತಾರೆ’ ಎಂದು ದೂರು ಹೇಳಿ ಆ ಮಂಚದ ಕರೆಗಂಟೆಯ ವೈರು ಕತ್ತರಿಸಿ ಹಾಕಿಸಿದವಳೂ ನಾನೇ. ಗುಂಡಿ ಮಾತ್ರ ಗೋಡೆಯಲ್ಲೇ ಉಳಿದಿತ್ತು.

ಅಂದು ಆ ಮಂಚದಲ್ಲಿ ಭಾಗ್ಯ ಇದ್ದಳು. ಮದ್ದೂರು ಕಡೆಯವಳು, ಕೂಲಿ ಕೆಲಸ, ಒಂದು ಹೆಣ್ಣುಮಗು. ಗರ್ಭಕೋಶದಲ್ಲಿ ಸಣ್ಣ ಗಡ್ಡೆಯಿದ್ದು ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುತ್ತಿತ್ತು. ಹನ್ನೊಂದು ಗಂಟೆಗೆ ಗರ್ಭಕೋಶ ತೆಗೆಯುವ ಆಪರೇಷನ್. ನಮ್ಮಲ್ಲಿ ಡಾಕ್ಟರು ಗಂಡನಿಗೆ ವಿವರಿಸುತ್ತಿದ್ದರು, ಗಂಡ ಒಪ್ಪುತ್ತಿದ್ದ, ಇಂಗ್ಲಿಷ್ ಫಾರಂನಲ್ಲಿ ಹೆಂಡತಿ ಎಲ್ಲಿ ಸಹಿ ಹಾಕಬೇಕೆಂದು ನಾನು ಬೆರಳಿಟ್ಟು ತೋರಿಸುತ್ತಿದ್ದೆ. ಭಾಗ್ಯಳ ಸಹಿಯೂ ಆಗಿತ್ತು.

ಹತ್ತೂವರೆಗೆ ನನ್ನ ಮೇಜಿನ ಮೇಲಿನ ಬೋರ್ಡಿನಲ್ಲಿ ಗಂಟೆ ಹೊಡೆದುಕೊಂಡಿತು. ಆರನೆಯ ದೀಪ ಉರಿಯುತ್ತಿತ್ತು. ರೇಗಿಕೊಂಡೇ ಹೋದೆ.

“ಗಂಟೆ ಯಾಕಮ್ಮ ಒತ್ತಿದೆ?”

“ನಾನ್ಯಾವ್ ಗಂಟೆನೂ ಒತ್ತಿಲ್ಲ ಕಣಕ್ಕ.”

ವೈರಿನ ನೆನಪಾದದ್ದು ಆಗಲೇ. ಹಿಂದಿರುಗಲು ಹೊರಟವಳನ್ನು ಅವಳೇ ತಡೆದಳು.

“ಅಕ್ಕ, ಈ ಗಡ್ಡೆ ತೆಗುದ್ಬುಟ್ರೆ ಇನ್ನೊಂದು ಕೂಸು ಬೇಗ ನಿಲ್ತದಾ?”

ಅವಳಿಗೆ ಯಾರೂ ಹೇಳಿರಲೇ ಇಲ್ಲ. “ಗರ್ಭಕೋಶನೇ ತೆಗೀತಾರೆ ಕಣಮ್ಮ. ಆಮೇಲೆ ಮಕ್ಕಳಾಗಲ್ಲ” ಎಂದೆ.

ಅವಳು ಅಳಲಿಲ್ಲ. ಮಂಚದಿಂದಿಳಿದು ಹೊರಗಿದ್ದ ಗಂಡನ ಮುಂದೆ ನಿಂತಳು. “ನನ್ ಒಟ್ಟೆ ಕಣಪ್ಪ. ನನ್ ಕೇಳ್ದೆಯ ಎಂಗೆ ಒಪ್ಕಂಡೆ?”

“ಡಾಕ್ಟ್ರು ಏಳುದ್ರು…” ಎಂದು ಅವನು ತಲೆ ತಗ್ಗಿಸಿದ. ಪಾಪ, ಅವನಿಗೂ ಪೂರ್ತಿ ಅರ್ಥವಾಗಿರಲಿಲ್ಲ.

ಇಬ್ಬರೂ ಮಂಡ್ಯದ ದೊಡ್ಡಾಸ್ಪತ್ರೆಗೆಂದು ಬಸ್ಸು ಹತ್ತಿದರು. ನನಗೆ ಡಾಕ್ಟರಿಂದ ಮಂಗಳಾರತಿಯಾಯಿತು. ಮಂಡ್ಯದಲ್ಲಿ ಮಾತ್ರೆಯಲ್ಲೇ ಗುಣವಾಯಿತೆಂದು ಭಾಗ್ಯ ಮುಂದೊಂದು ದಿನ ಫೋನ್ ಮಾಡಿ ಹೇಳಿದಾಗ ನಾನು ಅತ್ತುಬಿಟ್ಟೆ.

ಅಂದೇ ಮಧ್ಯಾಹ್ನ ನಾನು ಕರೆಸಿದ ಎಲೆಕ್ಟ್ರಿಷಿಯನ್ ಬಂದು ಬೋರ್ಡು ಬಿಚ್ಚಿ ನೋಡಿದ್ದ. “ಆರಕ್ಕೆ ಲೈನೇ ಇಲ್ವಲ್ಲ ಸಿಸ್ಟರ್, ಕನಸೇನಾರ ಕಂಡ್ರಾ?” ಎಂದು ನಕ್ಕಿದ್ದ.

ಆ ಗಂಟೆ ಹೇಗೆ ಹೊಡೆದುಕೊಂಡಿತೋ ಇಂದಿಗೂ ನನಗೆ ತಿಳಿಯದು. ಹೊಡೆದುಕೊಂಡದ್ದಂತೂ ನಿಜ. ಭಾಗ್ಯಳಿಗಿಂತ ಮುಂಚೆ ಆ ಮಂಚದಲ್ಲಿ ಎಷ್ಟೋ ಹೆಂಗಸರು ಮಲಗಿದ್ದರು. ಅವರೆಲ್ಲರಿಗೂ ಸಹಿಯ ಜಾಗ ತೋರಿಸಿದವಳು ನಾನೇ. ಆ ಗುಂಡಿಯನ್ನು ಅವರು ಎಷ್ಟು ಸಲ ಒತ್ತಿದ್ದರೋ.