ಬಾಡಿಗೆ ಕಾರಿನ ಗಾಜಿಗೆ ಕುಂಕುಮ

ಟೈರು ಪಂಕ್ಚರ್ ಆಗಬಹುದಿತ್ತು. ಆ ಕಾರಿನಲ್ಲಿ ಸ್ಟೆಪ್ನಿ ಇರಲಿಲ್ಲ, ಬದಲಿಗೆ ಒಂದು ಡಬ್ಬಿ ಅಂಟು ಇತ್ತು. ಘಾಟಿಯ ರಸ್ತೆಯಲ್ಲಿ ಬೆಳಗಿನ ಹೊತ್ತು ಕಣ್ಣಿಗೆ ಕಾಣದ ಮಂಜುಗಡ್ಡೆಯ ಪದರ ಇರಬಹುದಿತ್ತು. ಒಂದೇ ಗಾಡಿ ಹಿಡಿಸುವ ಸೇತುವೆಗಳ ಮೇಲೆ ಎದುರಿನವನೂ ನಾನೂ ಒಟ್ಟಿಗೆ ನುಗ್ಗಿ, ನಡುವೆ ಮುಖಾಮುಖಿಯಾಗಿ, ಯಾರು ಹಿಂದೆ ಹೋಗಬೇಕೆಂದು ಸಾಯಂಕಾಲದವರೆಗೆ ಕೂರಬಹುದಿತ್ತು. ಕುರಿ ಅಡ್ಡ ಬರಬಹುದಿತ್ತು. ಕುರಿಯ ಹಿಂದೆ ಅದರ ಯಜಮಾನ ಬರಬಹುದಿತ್ತು. ಪೆಟ್ರೋಲ್ ಗಾಡಿಗೆ ಡೀಸೆಲ್ ಹಾಕಿಬಿಡಬಹುದಿತ್ತು. ಬೆಟ್ಟದ ಗಿಳಿಗಳು ಬಾಗಿಲ ಸುತ್ತಿನ ರಬ್ಬರನ್ನು ಕಿತ್ತು ತಿನ್ನಬಹುದಿತ್ತು. ಇದು ನನ್ನ ಕಲ್ಪನೆಯಲ್ಲ, ದಕ್ಷಿಣ ದ್ವೀಪದ ಗಿಳಿಗಳಿಗೆ ನಿಜವಾಗಿ ಆ ಚಟವಿದೆ. ಅಕ್ಕ ಊಟದ ನಡುವೆ ಅಳಬಹುದಿತ್ತು. ಅಥವಾ ನಾವೆಲ್ಲ ಮೈಮರೆತು ಜೋರಾಗಿ ನಕ್ಕುಬಿಡಬಹುದಿತ್ತು, ನನ್ನ ಲೆಕ್ಕದಲ್ಲಿ ಅದು ಅಳುವುದಕ್ಕಿಂತ ಕಷ್ಟದ್ದು.

ಇದರಲ್ಲಿ ಒಂದೂ ಆಗಲಿಲ್ಲ.

ನಾವು ಹೋಗಬೇಕಾಗಿದ್ದದ್ದು ಯುರೋಪಿಗೆ. ಭಾವ ಎರಡು ವರ್ಷದಿಂದ ಆ ಪ್ರವಾಸವನ್ನು ಕಟ್ಟುತ್ತಿದ್ದರು. ಜರ್ಮನಿಯಲ್ಲಿ ಕಾರು ಬಾಡಿಗೆಗೆ ತೆಗೆದುಕೊಂಡು, ಆಲ್ಪ್ಸ್ ದಾಟಿ, ಇಟಲಿಯಲ್ಲಿ ಬಿಟ್ಟು ಬರುವುದು ಅವರ ಯೋಜನೆ. ಅಲ್ಲಿ ರಸ್ತೆಯ ಬಲಗಡೆ ಓಡಿಸಬೇಕು. ಭಾವ ಓಡಿಸುವುದು, ಪಕ್ಕದಲ್ಲಿ ಕೂತು ನಾನು ಹೆದರುವುದು: ನಮ್ಮ ಎರಡು ಕುಟುಂಬಗಳ ಎಲ್ಲ ಪ್ರವಾಸಗಳಲ್ಲಿ ಕೆಲಸದ ಹಂಚಿಕೆ ಹೀಗೇ ಇತ್ತು. ಅವರ ಕೆಲಸವನ್ನು ಅವರು ಎಷ್ಟು ಚೆನ್ನಾಗಿ ಮಾಡುತ್ತಿದ್ದರೋ ನನ್ನದನ್ನು ನಾನೂ ಅಷ್ಟೇ ಚೆನ್ನಾಗಿ ಮಾಡುತ್ತಿದ್ದೆ.

ಈ ವರ್ಷ ಮೇ ತಿಂಗಳಲ್ಲಿ, ಇಲ್ಲಿಯ ಚಳಿಗಾಲ ಶುರುವಾಗುವ ಮೊದಲು, ವೆಲ್ಲಿಂಗ್ಟನ್ನಿನ ಜಾನ್ಸನ್‌ವಿಲ್‌ನ ಮನೆಯಲ್ಲಿ, ಒಂದು ಬೆಳಿಗ್ಗೆ ಭಾವನಿಗೆ ಎದೆ ಹಿಡಿದಂತಾಯಿತು. ಕೀಲಿಯನ್ನು ಅಕ್ಕನ ಕೈಗೆ ಕೊಟ್ಟು, ಇವತ್ತು ನೀನೇ ಓಡಿಸು ಅಂದರಂತೆ. ಅಕ್ಕ ಓಡಿಸಿದಳು. ಆಸ್ಪತ್ರೆಗೆ ಹೊತ್ತಿಗೆ ಸರಿಯಾಗಿಯೇ ಮುಟ್ಟಿಸಿದಳು. ಅಲ್ಲಿಂದ ಮುಂದಿನದು ಯಾರ ಕೈಯಲ್ಲೂ ಇರಲಿಲ್ಲ.

ಅವತ್ತಿನಿಂದ ಆ ಕಾರು ಗ್ಯಾರೇಜಿನಲ್ಲಿದೆ. ಅಕ್ಕ ರೈಲಿನಲ್ಲಿ ಓಡಾಡುತ್ತಾಳೆ. ಆದರೆ ಅವಳ ಕೆಲಸ ರೈಲಿನಲ್ಲಿ ಆಗುವಂಥದ್ದಲ್ಲ. ಆಸ್ಪತ್ರೆಯಿಂದ ಮರಳಿದ ವಯಸ್ಸಾದವರ ಮನೆಗಳಿಗೆ ಹೋಗಿ, ಬಚ್ಚಲಲ್ಲಿ ಹಿಡಿಕೆ ಎಲ್ಲಿ ಬೇಕು, ಎಡವುವ ಮೆಟ್ಟಿಲು ಯಾವುದು ಎಂದು ನೋಡಿ ಸರಿಮಾಡಿಸುವವಳು ಅವಳು. ವೆಲ್ಲಿಂಗ್ಟನ್ನಿನ ವಯಸ್ಸಾದವರೆಲ್ಲ ಗುಡ್ಡದ ತುದಿಯಲ್ಲೇ ಮನೆ ಮಾಡಿಕೊಂಡಿರುತ್ತಾರೆ. ಇಷ್ಟು ದಿನ ಮೇಜಿನ ಕೆಲಸ ಕೊಟ್ಟು ಕೂರಿಸಿದ್ದ ಆಫೀಸಿನವರು, ರಜೆ ಮುಗಿಸಿ ಬಂದಮೇಲೆ ಮನೆಗಳಿಗೆ ಹೋಗಲೇಬೇಕು, ಆಗದಿದ್ದರೆ ಜಾಗ ಬಿಡಬೇಕಾಗುತ್ತದೆ ಎಂದು ಬಹಳ ಮೆತ್ತಗೆ ಹೇಳಿದ್ದರು. ಈ ದೇಶದಲ್ಲಿ ಕೆಟ್ಟ ಸುದ್ದಿಯನ್ನು ಬಿಸ್ಕತ್ತು ಕೊಟ್ಟು ಹೇಳುತ್ತಾರೆ.

ಯುರೋಪಿನ ಟಿಕೆಟ್ಟು ರದ್ದು ಮಾಡಿದ ದಿನ ಅಕ್ಕ ಫೋನಿನಲ್ಲಿ, "ರಜೆ ಹಾಕಾಗಿದೆ ಕಣೋ. ಮನೇಲಿ ಕೂತು ಏನ್ ಮಾಡ್ಲಿ" ಅಂದಳು. ಹಾಗೆ ಸೆಪ್ಟೆಂಬರ್ ಕೊನೆಯಲ್ಲಿ ನಾನು, ನನ್ನ ಹೆಂಡತಿ, ಅಕ್ಕ, ಹೈಸ್ಕೂಲಿನಲ್ಲಿ ಓದುವ ಅವಳ ಮಗಳು ದಕ್ಷಿಣ ದ್ವೀಪದ ಕ್ರೈಸ್ಟ್‌ಚರ್ಚಿನ ವಿಮಾನ ನಿಲ್ದಾಣದಲ್ಲಿ, ಬಾಡಿಗೆ ಕಾರಿನ ಕೌಂಟರಿನ ಮುಂದೆ ನಿಂತಿದ್ದೆವು.

ನಾವು ಹೇಳಿದ್ದ ಜಪಾನಿನ ಪುಟ್ಟ ಕಾರು ಇರಲಿಲ್ಲ. ಅದೇ ಬಾಡಿಗೆಗೆ ಯುರೋಪಿನ ದೊಡ್ಡ ಕಾರು ಕೊಡುತ್ತೇವೆ ಎಂದು ಕೌಂಟರಿನ ಹುಡುಗಿ ವರ ಕೊಡುವವಳ ಹಾಗೆ ಹೇಳಿದಳು. "ನಾವು ಹೋಗ್ಲಿಲ್ಲ ಅಂತ ಅದೇ ಬಂತು" ಎಂದಳು ನನ್ನ ಹೆಂಡತಿ. ಯಾರೂ ನಗಲಿಲ್ಲ. ಬೇರೆ ಯಾರಾದರೂ ಓಡಿಸುತ್ತಾರಾ ಎಂದು ಹುಡುಗಿ ಕೇಳಿದಾಗ ನಾನು ಇಲ್ಲ ಅಂದೆ, ಅದೇ ಗಳಿಗೆಯಲ್ಲಿ ನನ್ನ ಹೆಂಡತಿ ಹೌದು ಅಂದಳು. ಅಕ್ಕ ಪರ್ಸಿನಿಂದ ಲೈಸೆನ್ಸ್ ತೆಗೆದು ಕೌಂಟರಿನ ಮೇಲಿಟ್ಟಳು. ಬಸ್ಸಿನಲ್ಲಿ ಪಾಸ್ ತೋರಿಸಿದಷ್ಟೇ ಆಸಕ್ತಿಯಿಂದ.

ಹೊರಗೆ ನಾನು ಕಾರಿಗೆ ಪ್ರದಕ್ಷಿಣೆ ಹಾಕುತ್ತ ಮೂಲೆಮೂಲೆಯ ಫೋಟೊ ತೆಗೆದೆ. ಹಿಂದಿರುಗಿಸುವಾಗ ಯಾರದೋ ಗೀರು ನಮ್ಮ ತಲೆಗೆ ಬರಬಾರದಲ್ಲ. ಫೋಟೊ ಮುಗಿದ ಮೇಲೆ ನಮ್ಮಲ್ಲಿ ಇನ್ನೊಂದು ಕಲಾಪವಿರುತ್ತಿತ್ತು. ಬಾಡಿಗೆಯದಾದರೂ ಸರಿ, ಹೊಸದಾಗಿ ಹತ್ತುವ ಗಾಡಿಯ ಮುಂದಿನ ಗಾಜಿಗೆ ಅಕ್ಕ ಕುಂಕುಮವಿಡುತ್ತಿದ್ದಳು. ಬಾಡಿಗೆ ಗಾಡಿಗೂ ದೇವರು ಬೇಕೇನೇ ಎಂದು ಭಾವ ಪ್ರತಿ ಸಲ ರೇಗಿಸುತ್ತಿದ್ದರು. ಅದಕ್ಕೇ ಜಾಸ್ತಿ ಬೇಕು, ಪಾಪ, ಅದಕ್ಕೆ ಸ್ವಂತದವರು ಅಂತ ಯಾರಿದ್ದಾರೆ ಎಂದು ಅಕ್ಕ ಪ್ರತಿ ಸಲವೂ ಉತ್ತರ ಕೊಡುತ್ತಿದ್ದಳು.

ಈ ಸಲ ನನ್ನ ಹೆಂಡತಿ ಕುಂಕುಮದ ಭರಣಿಯನ್ನು ಕೈಚೀಲದಿಂದ ಅರ್ಧ ತೆಗೆದು ನನ್ನ ಮುಖ ನೋಡಿದಳು. ಅವಳೇ ಇಟ್ಟರೆ ಅಕ್ಕನ ಕಣ್ಣೆದುರೇ ಅವಳ ಜಾಗದಲ್ಲಿ ನಿಂತಂತೆ. ಅಕ್ಕನಿಗೇ ಕೊಟ್ಟರೆ, ಭಾವ ಹೋದಮೇಲೆ ಅವಳು ಕುಂಕುಮ ಮುಟ್ಟಿರಲಿಲ್ಲ. ಯಾರೂ ಬೇಡವೆಂದಿರಲಿಲ್ಲ. ಯಾರೂ ಇಟ್ಟುಕೋ ಎಂದೂ ಹೇಳಿರಲಿಲ್ಲ. ನಾನು ಟೈರಿನ ಗಾಳಿ ಪರೀಕ್ಷಿಸುವವನಂತೆ ಬಗ್ಗಿದೆ. ಮೇಲೇಳುವಷ್ಟರಲ್ಲಿ ಭರಣಿ ಚೀಲದೊಳಗೆ ಹೋಗಿತ್ತು.

ಆ ಕಾರಿನಲ್ಲಿ ಒಂದು ವಿಚಿತ್ರವಿತ್ತು. ನಾವು ಓಡಿಸಿ ರೂಢಿಯಿರುವ ಜಪಾನಿನ ಕಾರುಗಳಲ್ಲಿ ಇಂಡಿಕೇಟರಿನ ಕಡ್ಡಿ ಸ್ಟಿಯರಿಂಗಿನ ಬಲಕ್ಕಿರುತ್ತದೆ. ಇದರಲ್ಲಿ ಅದು ಎಡಕ್ಕೆ, ಬಲಕ್ಕಿದ್ದದ್ದು ವೈಪರಿನದು. ಹಾಗಾಗಿ ಪ್ರತಿ ತಿರುವಿನಲ್ಲೂ ನಾನು ಸಿಗ್ನಲ್ ಕೊಡಲು ಹೋಗಿ ವೈಪರ್ ಓಡಿಸಿದೆ. ಒಣಗಿದ ಗಾಜಿನ ಮೇಲೆ ಅದು ಕೀರ್ ಕೀರ್ ಎಂದು ಎಳೆದಾಡುತ್ತಿತ್ತು. "ಮಾಮಾ, ಅದರ್ ಸೈಡ್" ಎನ್ನುತ್ತಿದ್ದಳು ಅಕ್ಕನ ಮಗಳು, ಹಿಂದಿನ ಸೀಟಿನಿಂದ, ಫೋನಿನಿಂದ ತಲೆಯೆತ್ತದೆ. ಪ್ರವಾಸದ ಬಹುಪಾಲು ಸಂಭಾಷಣೆ ಇದೇ.

ನೋಡಬೇಕಾದ್ದನ್ನೆಲ್ಲ ನೋಡಿದೆವು. ಸರೋವರ ಚಿತ್ರದಲ್ಲಿದ್ದಷ್ಟೇ ನೀಲಿಯಾಗಿತ್ತು. ನಾಲ್ಕೂ ಜನ ಅದರ ಮುಂದೆ ಸಾಲಾಗಿ, ಬ್ಯಾಂಕಿನಲ್ಲಿ ಟೋಕನ್ ಹಿಡಿದು ಕಾಯುವವರಂತೆ ನಿಂತೆವು. ಹೆಂಡತಿ ನೀಲಿ ಅಂದಳು, ಅಕ್ಕ ಹೌದು ಅಂದಳು. ಹಿಮದ ಬೆಟ್ಟ ಬಂತು, ಅದನ್ನೂ ನೋಡಿದೆವು. ಮೋಟೆಲಿನಲ್ಲಿ ರೈಸ್ ಕುಕ್ಕರ್ ಇಟ್ಟು ಅನ್ನ ಮಾಡಿ ಸಾರಿನ ಪುಡಿಯಲ್ಲಿ ತಿಳಿಸಾರು ಮಾಡಿದೆವು. ಒಳ್ಳೆಯ ಸಾರೇ, ಆದರೆ ರುಚಿ ನಾಲಿಗೆಯವರೆಗೆ ಬಂದು ನಿಂತುಬಿಡುತ್ತಿತ್ತು. ನನಗೂ ಏನೂ ಅನ್ನಿಸುತ್ತಿರಲಿಲ್ಲ. ಒಳಗೆ ಗಾಬರಿಯೊಂದು ಮಾತ್ರ ಕೆಟ್ಟುಹೋಗದೆ ಕೆಲಸ ಮಾಡುತ್ತಿತ್ತು. ರಜೆ ಮುಗಿದಮೇಲೆ ಅಕ್ಕ ಏನು ಮಾಡುತ್ತಾಳೆ ಎಂದು ಕೇಳಬೇಕೆಂದು ನಾನು ಪ್ರತಿ ಸೇತುವೆಯಲ್ಲೂ ಅಂದುಕೊಂಡೆ. ಸೇತುವೆ ದಾಟುವುದರಲ್ಲಿ ಗಮನ ಹೋಗುತ್ತಿತ್ತು. ಸೇತುವೆಗಳು ಬಹಳ ಇದ್ದವು, ಪುಣ್ಯಕ್ಕೆ.

ಕೊನೆಯ ದಿನ ಬೆಳಿಗ್ಗೆ ನಾನು ಪೆಟ್ಟಿಗೆಗಳನ್ನು ಹೊತ್ತು ಮೋಟೆಲಿನ ಅಂಗಳಕ್ಕೆ ಬಂದಾಗ ಅಕ್ಕ ಕಾರಿನ ಬಲಬಾಗಿಲ ಬಳಿ ನಿಂತಿದ್ದಳು.

"ಕೀ ಕೊಡು" ಎಂದಳು.

ರಸ್ತೆಯಲ್ಲಿ ಮಂಜುಗಡ್ಡೆ ಕರಗಿರುವುದಿಲ್ಲ ಅಂದೆ. ದೊಡ್ಡ ಗಾಡಿ ಅಂದೆ. ಮುಂದೆ ಘಾಟಿ ಇದೆ, ಆಮೇಲೆ ಬೇಕಾದರೆ ನೇರ ರಸ್ತೆಯಲ್ಲಿ ಸ್ವಲ್ಪ ದೂರ ಅಂದೆ. ಆರು ದಿನ ಯಾವ ಮಾತು ಅವಳ ಬಾಯಿಂದ ಬರಲಿ ಎಂದು ಕಾಯುತ್ತಿದ್ದೆನೋ ಅದು ಬಂದ ತಕ್ಷಣ ಅದಕ್ಕೆ ಅಡ್ಡ ನಿಂತವನು ನಾನೇ.

ಅಕ್ಕ ಪೂರ್ತಿ ಕೇಳಿಸಿಕೊಂಡಳು. "ನೀನು ಎಡಗಡೆ ಹೋಗಿ ಕೂತ್ಕೊ. ಹೆದ್ರಿಕೊಳ್ಳೋದು ನಿನ್ನ ಕೆಲ್ಸ, ಅಲ್ಲಿಂದ್ಲೇ ಮಾಡು. ಅವ್ರಿದ್ದಾಗ ಹಂಗೇ ತಾನೆ ಮಾಡ್ತಿದ್ದಿದ್ದು" ಎಂದಳು.

ಕೀಲಿ ಕೊಟ್ಟೆ. ಅವಳು ನನ್ನ ಹೆಂಡತಿಯ ಕಡೆ ತಿರುಗಿ, "ಭರಣಿ ತಂದಿದ್ಯಲ್ಲ, ಕೊಡಮ್ಮ" ಎಂದಳು.

"ನಾನು ಇಡ್ಲಾ ಅತ್ತಿಗೆ?"

"ಓಡ್ಸೋಳು ನಾನಲ್ವಾ."

ಗಾಜಿನ ಮೇಲೆ ರಾತ್ರಿಯ ಇಬ್ಬನಿ ಹಾಗೇ ಇತ್ತು. ಅಕ್ಕ ಬೆರಳನ್ನು ಭರಣಿಯಲ್ಲಿ ಅದ್ದಿ ಗಾಜಿನ ನಡುವೆ ಬೊಟ್ಟಿಟ್ಟಳು. ಇಬ್ಬನಿಗೆ ಅದು ಆಗಲೇ ಸ್ವಲ್ಪ ಇಳಿಯತೊಡಗಿತ್ತು. ಬೆರಳಿನಲ್ಲಿ ಉಳಿದದ್ದನ್ನು ಏನು ಮಾಡುತ್ತಾಳೆ ಎಂದು ಕಾರಿನ ಸುತ್ತ ನಿಂತ ಮೂವರೂ ನೋಡದವರಂತೆ ನೋಡಿದೆವು. ಕರ್ಚೀಫಿಗೆ ಒರೆಸಿಕೊಂಡಳು. ಸೀಟನ್ನು ಮುಂದೆಳೆದುಕೊಂಡು ಕನ್ನಡಿಗಳನ್ನು ಒಂದೊಂದಾಗಿ ತನ್ನ ಎತ್ತರಕ್ಕೆ ಹೊಂದಿಸಿದಳು. ನಾನು ಎಡಗಡೆ ಕೂತು ಸೀಟ್ ಬೆಲ್ಟನ್ನು ಎರಡು ಸಲ ಎಳೆದು ನೋಡಿದೆ.

ಕಾರು ಅಂಗಳದ ಜಲ್ಲಿಯ ಮೇಲೆ ನಿಧಾನವಾಗಿ ಹೋಗಿ ಗೇಟಿನಲ್ಲಿ ನಿಂತಿತು. ಹೆದ್ದಾರಿಗೆ ಎಡಕ್ಕೆ ತಿರುಗಬೇಕು. ಅಕ್ಕ ಬಲಗಡೆ ನೋಡಿದಳು, ಎಡಗಡೆ ನೋಡಿದಳು, ಮತ್ತೆ ಬಲಗಡೆ ನೋಡಿ ಸಿಗ್ನಲ್ ಕೊಟ್ಟಳು.

ವೈಪರ್ ಎದ್ದಿತು. ಈ ಸಲ ಗಾಜು ಒಣಗಿರಲಿಲ್ಲವಾದ್ದರಿಂದ ಕೀರ್ ಎನ್ನಲಿಲ್ಲ. ಇಬ್ಬನಿಯ ಜೊತೆ ಕುಂಕುಮವನ್ನೂ ಎಳೆದುಕೊಂಡು ಗಾಜಿನ ಈ ತುದಿಯಿಂದ ಆ ತುದಿಗೆ ಕೆಂಪು ಕಮಾನೊಂದನ್ನು ಬಳಿದು, ವಾಪಸ್ ಬರುತ್ತ ಅದನ್ನು ಇನ್ನಷ್ಟು ಅಗಲ ಮಾಡಿತು. ಹೆದ್ದಾರಿ, ಹಿಮದ ಬೆಟ್ಟ, ಎದುರಿನ ಬೇಲಿ ಎಲ್ಲವೂ ಆ ಕೆಂಪಿನ ಹಿಂದೆ ಹೋದವು.

"ಅಮ್ಮಾ, ಅದರ್ ಸೈಡ್" ಎಂದಳು ಮಗಳು, ಫೋನು ಕೆಳಗಿಟ್ಟು.

"ಗೊತ್ತಾಯ್ತು" ಎಂದಳು ಅಕ್ಕ. ನೀರು ಚಿಮ್ಮಿಸಿದಳು. ಗಾಜು ಗುಲಾಬಿಯಾಗಿ, ಮತ್ತೆ ನೀರು ಬಿದ್ದ ಮೇಲೆ ತಿಳಿಯಾಯಿತು. ವೈಪರ್ ಮುಟ್ಟಲಾರದ ನನ್ನ ಕಡೆಯ ಮೂಲೆಯಲ್ಲಿ ಮಾತ್ರ ಕೆಂಪು ಉಳಿಯಿತು. ಅಕ್ಕ ಎಡಗಡೆಯ ಕಡ್ಡಿಯನ್ನು ಹುಡುಕಿ ಒತ್ತಿ, ಟಿಕ್ ಟಿಕ್ ಎನ್ನುವುದನ್ನು ಕೇಳಿಸಿಕೊಂಡು ಹೆದ್ದಾರಿಗೆ ತಿರುಗಿಸಿದಳು.